‘ಒಂದು ಲೋಗೋ ತಾನೇ, ಐದು ನಿಮಿಷದ ಕೆಲಸ!’

ಹೋದ ವರ್ಷ ದೀಪಾವಳಿ ಹೊತ್ತಿಗೆ ನನ್ನ ಸಹೋದ್ಯೋಗಿಯೊಬ್ಬರು ಕೆಲಸ ಬಿಟ್ಟು ಸ್ವಂತ ಸ್ಟಾರ್ಟಪ್ ಶುರು ಮಾಡಿದರು. ‘ನಿಮ್ಮ ತಮ್ಮ ಡಿಸೈನ್ ಓದ್ತಿದ್ದಾನಲ್ವಾ, ಒಂದು ಲೋಗೋ ಮಾಡಿಸಿಕೊಡಿ’ ಅಂದರು. ನಾನು ಹಿಂದೆಮುಂದೆ ಯೋಚಿಸದೆ, ‘ಅದೇನ್ ಮಹಾ, ಐದು ನಿಮಿಷದ ಕೆಲಸ, ಮಾಡ್ತಾನೆ ಬಿಡಿ’ ಅಂದುಬಿಟ್ಟೆ. ದುಡ್ಡಿನ ಮಾತನ್ನು ಅವರೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ.

ಐದು ನಿಮಿಷದ್ದು ಐದು ವಾರ ಆಯ್ತು. ‘ನೀಲಿ ಬೇಡ, ಹಸಿರು ಮಾಡಿ’, ‘ಹಸಿರು ಯಾಕೋ ಆಸ್ಪತ್ರೆ ಥರ ಇದೆ’, ‘ಇನ್ನೂ ಸ್ವಲ್ಪ ಪ್ರೀಮಿಯಂ ಅನ್ನಿಸ್ಬೇಕು’. ತಮ್ಮನ ಲ್ಯಾಪ್‌ಟಾಪ್‌ನಲ್ಲಿ ಆ ಒಂದು ಲೋಗೋದ ಮೂವತ್ತೆಂಟು ಫೈಲ್‌ಗಳಾದವು. ಕೊನೆಗೊಂದು ದಿನ ಅವರು ಯಾವುದೋ ಎಐ ಆ್ಯಪ್‌ನಲ್ಲಿ ತಾವೇ ಮಾಡಿಕೊಂಡ ಲೋಗೋವನ್ನು ಲಿಂಕ್ಡ್‌ಇನ್‌ಗೆ ಹಾಕಿದರು. ತಮ್ಮನಿಗೆ ಒಂದು ಥ್ಯಾಂಕ್ಸ್ ಕೂಡ ಬರಲಿಲ್ಲ.

ತಮ್ಮ ಜಗಳ ಆಡಲಿಲ್ಲ. ಆದರೆ ಅವತ್ತಿನಿಂದ ನನಗೆ ಅವನ ಕೆಲಸ ತೋರಿಸೋದು ನಿಲ್ಲಿಸಿದ. ಮೊದಲೆಲ್ಲ ರಾತ್ರಿ ಹನ್ನೊಂದಕ್ಕೆ ‘ಅಕ್ಕಾ, ಇದ್ ನೋಡ’ ಅಂತ ಫೋಟೋ ಕಳಿಸ್ತಿದ್ದವನು ಸುಮ್ಮನಾದ. ನಮ್ಮ ಆಫೀಸಲ್ಲಿ ಸ್ಪ್ರಿಂಟ್ ಮಧ್ಯೆ ಒಂದೇ ಒಂದು ರಿಕ್ವೈರ್‌ಮೆಂಟ್ ಬದಲಾದರೆ ನಾವೆಲ್ಲ ಎಷ್ಟು ಕೂಗಾಡ್ತೀವಿ! ಅದೇ ನಾನು, ನನ್ನ ತಮ್ಮನ ಐದು ವಾರಗಳನ್ನು ಪುಕ್ಕಟೆ ದಾನ ಮಾಡಿದ್ದೆ.

ಅಪ್ಪನ ಪ್ರಶ್ನೆ

ನಮ್ಮದು ಧಾರವಾಡ. ನಾನು ಎಂಜಿನಿಯರಿಂಗ್ ಮುಗಿಸಿ ಬೆಂಗಳೂರಿಗೆ ಬಂದಾಗ ಅಪ್ಪ ಓಣಿಗೆಲ್ಲ ಪೇಡೆ ಹಂಚಿದ್ದರು. ತಮ್ಮ ಗ್ರಾಫಿಕ್ ಡಿಸೈನ್ ಓದ್ತೀನಿ ಅಂದಾಗ ಕೇಳಿದ್ದು ಒಂದೇ ಪ್ರಶ್ನೆ: ‘ಚಿತ್ರಾ ತಗಿಯಾಕ ನಾಕ ವರ್ಷ ಕಾಲೇಜಿಗೆ ಹೋಗಬೇಕೇನು?’ ಕೊನೆಗೆ ಎಜುಕೇಶನ್ ಲೋನ್‌ಗೆ ನಾನೂ ಸಹಿ ಹಾಕಿದೆ. ಈಗ ಅವನು ಬೆಂಗಳೂರಿನಲ್ಲೇ ಮೂರನೇ ವರ್ಷದಲ್ಲಿದ್ದಾನೆ. ಅಪ್ಪನ ಪ್ರಶ್ನೆಗೆ ಮಾತ್ರ ನನ್ನ ಹತ್ತಿರವೂ ಉತ್ತರ ಇರಲಿಲ್ಲ.

ಈ ಸೆಮಿಸ್ಟರ್‌ನಲ್ಲಿ ಅವನಿಗೆ ಎರಡು ಪ್ರಾಜೆಕ್ಟ್. ಒಂದು, ನಿಜವಾದ ಗಿರಾಕಿಯೊಬ್ಬರಿಗೆ ಲೋಗೋ. ಇನ್ನೊಂದು, ರಸ್ತೆಯಲ್ಲಿ ನಿಜವಾಗಿ ಅಂಟಿಸುವ ಒಂದು ಕನ್ನಡ ಪೋಸ್ಟರ್. ಸಂಕ್ರಾಂತಿ ರಜೆಗೆ ಇಬ್ಬರೂ ಊರಿಗೆ ಹೋಗಿದ್ದೆವು. ಗಿರಾಕಿ ನಮ್ಮ ಓಣಿಯಲ್ಲೇ ಸಿಕ್ಕರು.

ಗೋಧಿ ತೆನೆಯ ಎಡವಟ್ಟು

ನಮ್ಮ ಮನೆಯಿಂದ ನಾಲ್ಕನೇ ಮನೆ ಕಾಕು ಕಟಕ್ ರೊಟ್ಟಿ, ಶೇಂಗಾ ಚಟ್ನಿ ಪುಡಿ ಮಾಡಿ ಮಾರ್ತಾರೆ. ಇಷ್ಟು ದಿನ ಬಿಳಿ ಪ್ಲಾಸ್ಟಿಕ್ ಚೀಲದಲ್ಲಿ ಹೆಸರಿಲ್ಲದೆ ಹೋಗ್ತಿತ್ತು. ಈಗ ಹುಬ್ಬಳ್ಳಿಯ ಎರಡು ಅಂಗಡಿಯವರು ‘ಲೇಬಲ್ ಇದ್ರ ಮಾತ್ರ ಇಟ್ಕೋತೀವಿ’ ಅಂದಿದ್ದಾರೆ. ತಮ್ಮನಿಗೆ ಖುಷಿಯೋ ಖುಷಿ. ಎರಡು ದಿನ ಕೂತು, ಕೆಂಪು ಬಣ್ಣದ ಅಚ್ಚುಕಟ್ಟಾದ ವೃತ್ತ, ಸುತ್ತ ತೆನೆಗಳ ಹಾರ, ನಡುವೆ ಸೆರಗು ಹೊದ್ದ ಹೆಣ್ಣಿನ ನೆರಳು, ಹೀಗೊಂದು ಲೋಗೋ ಮಾಡಿದ. ನನಗಂತೂ ಸೂಪರ್ ಅನ್ನಿಸಿತು.

ಕಾಕು ಕನ್ನಡಕ ಹಾಕಿಕೊಂಡು ಬಹಳ ಹೊತ್ತು ನೋಡಿದರು. ‘ಚಂದ ಐತಿ. ಆದ್ರ ಇದು ಗೋದಿ ತೆನಿ ಅಲ್ಲೇನೋ ತಮ್ಮಾ? ನಾ ಮಾಡೋದು ಜ್ವಾಳದ ರೊಟ್ಟಿ.’

ತಮ್ಮನ ಮುಖ ಸಣ್ಣದಾಯಿತು. ಆನ್‌ಲೈನ್‌ನಲ್ಲಿ ಸಿಗುವ ರೆಡಿಮೇಡ್ ‘ಧಾನ್ಯ’ದ ಐಕಾನ್‌ಗಳಲ್ಲಿ ಹೆಚ್ಚಿನವು ಗೋಧಿಯವೇ: ಉದ್ದನೆಯ ಕಡ್ಡಿ, ಎರಡೂ ಕಡೆ ಎಲೆಯಂಥ ಕಾಳು. ಜೋಳದ ತೆನೆ ಹಾಗಿರಲ್ಲ. ದುಂಡು ಕಾಳುಗಳು ಒತ್ತೊತ್ತಾಗಿ ಕೂತು ಮುಷ್ಟಿಯ ಹಾಗೆ ಇರುತ್ತದೆ. ಹುಟ್ಟಿದಾಗಿನಿಂದ ಜೋಳದ ರೊಟ್ಟಿ ತಿಂದ ನಾವಿಬ್ಬರೂ ಅದನ್ನು ಗಮನಿಸಿರಲಿಲ್ಲ.

ಕಾಕು ಇನ್ನೂ ಒಂದು ಮಾತು ಸೇರಿಸಿದರು. ‘ಮತ್ತ ರೊಟ್ಟಿ ಇಷ್ಟ ಗುಂಡಗ ಯಾಕ ತಗದೀ? ಕೈಲೆ ಬಡಿದ ರೊಟ್ಟಿ ಹಿಂಗಿರಂಗಿಲ್ಲ. ಪೂರ್ತಿ ಗುಂಡಗಿದ್ರ ಮಶೀನಿಂದು ಅಂತಾರ ಮಂದಿ.’

ಮರುದಿನ ತಮ್ಮ ಸ್ಕೂಟರ್ ತೆಗೆದುಕೊಂಡು ನವಲಗುಂದದ ಕಡೆ ಎರೆ ಹೊಲಗಳಿಗೆ ಹೋದ. ಹಿಂಗಾರಿ ಬಿಳಿಜೋಳ ನಿಂತಿತ್ತು. ಸಂಜೆ ಬಂದಾಗ ಅವನ ಸ್ಕೆಚ್‌ಬುಕ್‌ನ ಹನ್ನೊಂದು ಪುಟ ತೆನೆಗಳಿಂದ ತುಂಬಿತ್ತು. ಅದಾದ ಮೇಲೆ ಎರಡು ಬೆಳಿಗ್ಗೆ ಕಾಕು ಅವರ ಒಲೆ ಮುಂದೆ ಕೂತ. ರೊಟ್ಟಿ ಬಡಿಯುವಾಗ ಬೆರಳು ಎಲ್ಲಿ ಒತ್ತುತ್ತದೆ, ಅಂಚು ಎಲ್ಲಿ ಸೀಳುತ್ತದೆ ಅಂತ ಬರೀ ನೋಡಿದ. ಲ್ಯಾಪ್‌ಟಾಪ್ ತೆರೆಯಲೇ ಇಲ್ಲ.

‘ರ’ ಸಿಕ್ಕಿದ್ದು ಹೀಗೆ

ಮೂರನೇ ದಿನ ಅವನಿಗೆ ಹೊಳೆದದ್ದು ನಮ್ಮ ಕಣ್ಣೆದುರೇ ಇತ್ತು. ಕನ್ನಡದ ‘ರ’ ಅಕ್ಷರವೇ ದುಂಡಗಿದೆ! ಹೆಣ್ಣಿನ ಚಿತ್ರ, ಹಾರ ಎಲ್ಲ ತೆಗೆದುಹಾಕಿದ. ‘ರೊಟ್ಟಿ’ ಪದದ ‘ರ’ದ ಹೊಟ್ಟೆಯನ್ನೇ ರೊಟ್ಟಿ ಮಾಡಿದ. ಅಂಚು ಸ್ವಲ್ಪ ಅಂಕುಡೊಂಕು, ಒಂದು ಕಡೆ ಸಣ್ಣ ಸೀಳು, ಪಕ್ಕದಲ್ಲೊಂದು ಜೋಳದ ತೆನೆ. ಅಷ್ಟೇ.

ಇದನ್ನು ಕಂಪ್ಯೂಟರ್‌ಗೆ ಏರಿಸುವಾಗ ನನ್ನ ಕೆಲಸವೂ ಬಂತು. ಪದದ ಉಳಿದ ಭಾಗಕ್ಕೆ ಅವನು ‘ಬಾಲೂ ತಮ್ಮ’ ಅನ್ನುವ ಉಚಿತ ಫಾಂಟ್ ಹಾಕಿ ನೋಡ್ತಿದ್ದ (ಹೌದು, ಫಾಂಟ್ ಹೆಸರೇ ತಮ್ಮ!). ಆದರೆ ಟೈಪ್ ಮಾಡಿದರೆ ‘ಟ್ಟಿ’ ಒಡೆದು, ಒತ್ತಕ್ಷರ ಕೆಳಗೆ ಹೋಗದೆ ಪಕ್ಕದಲ್ಲೇ ನಿಲ್ತಿತ್ತು. ಇದು ಫಾಂಟ್‌ನ ತಪ್ಪಲ್ಲ. ಕನ್ನಡದಲ್ಲಿ ಕೀಲಿ ಒತ್ತಿದ ಕ್ರಮವೇ ಬೇರೆ, ಪರದೆಯ ಮೇಲೆ ಅಕ್ಷರ ಕೂರುವ ರೀತಿಯೇ ಬೇರೆ. ಆ ಜೋಡಣೆ ಮಾಡೋದು ಸಾಫ್ಟ್‌ವೇರ್‌ನ ಕೆಲಸ. ಇಲಸ್ಟ್ರೇಟರ್, ಫೋಟೋಶಾಪ್‌ಗಳಲ್ಲಿ ಟೈಪ್ ಸೆಟ್ಟಿಂಗ್‌ಗೆ ಹೋಗಿ ಭಾರತೀಯ ಲಿಪಿಗಳ ಆಯ್ಕೆ ಆನ್ ಮಾಡಿದರೆ ಸರಿಯಾಗುತ್ತೆ. ಬೀದಿಯ ಎಷ್ಟೋ ಫ್ಲೆಕ್ಸ್‌ಗಳಲ್ಲಿ ಒತ್ತಕ್ಷರ ಒಡೆದಿರೋದನ್ನ ನೀವೂ ನೋಡಿರ್ತೀರಿ. ಎಷ್ಟೋ ಸಲ ಇಂಥ ಸೆಟ್ಟಿಂಗ್‌ನದೇ ಸಮಸ್ಯೆ ಅದು.

ಮುಂದಿನ ಪರೀಕ್ಷೆ ರಬ್ಬರ್ ಸ್ಟಾಂಪ್. ಬಣ್ಣದ ಲೇಬಲ್ ಸಾವಿರಗಟ್ಟಲೆ ಮುದ್ರಿಸುವಷ್ಟು ಬಂಡವಾಳ ಕಾಕು ಹತ್ತಿರ ಇಲ್ಲ. ಸದ್ಯಕ್ಕೆ ಖಾಕಿ ಕಾಗದದ ಚೀಟಿಯ ಮೇಲೆ ನಾಲ್ಕು ಸೆಂಟಿಮೀಟರ್ ಸ್ಟಾಂಪ್ ಒತ್ತಬೇಕು. ಮೊದಲ ಸ್ಟಾಂಪ್‌ನಲ್ಲಿ ಇಂಕು ತುಂಬಿ ಕೆಳಗಿನ ಒತ್ತು ‘ಟ’ ಮಸಿ ಉಂಡೆಯಾಯಿತು, ಅಂಚಿನ ಸೀಳು ಮುಚ್ಚಿಹೋಯಿತು. ಗೆರೆ ದಪ್ಪ ಮಾಡಿ, ಒತ್ತಕ್ಷರವನ್ನು ತುಸು ದೊಡ್ಡದು ಮಾಡಿ, ತೆನೆಯ ಕಾಳುಗಳನ್ನು ಕಡಿಮೆ ಮಾಡಿ ಎರಡನೇ ಸ್ಟಾಂಪ್ ಮಾಡಿಸಿದ. ಚೀಟಿಯಲ್ಲಿ 14 ಅಂಕಿಯ ಎಫ್‌ಎಸ್‌ಎಸ್‌ಎಐ ಸಂಖ್ಯೆಗೆ, ಸಸ್ಯಾಹಾರದ ಹಸಿರು ಚುಕ್ಕೆಗೆ ಜಾಗ ಬಿಟ್ಟ. ಒಂದೇ ಬಣ್ಣದಲ್ಲಿ, ಬೆರಳುಗುರಿನಷ್ಟು ಸಣ್ಣದಾದರೂ ಗುರುತು ಸಿಗಬೇಕು. ಲೋಗೋಗೆ ಅದೇ ಅಗ್ನಿಪರೀಕ್ಷೆ ಅಂತ ನನಗೆ ಗೊತ್ತಾದದ್ದೇ ಆಗ.

ಕಣ್ಣು ಬಿಟ್ಟ ಪೋಸ್ಟರ್

ರಜೆ ಮುಗಿಸಿ ಬೆಂಗಳೂರಿಗೆ ವಾಪಸ್ ಬಂದ ಮೇಲೆ ಪೋಸ್ಟರ್ ಕೆಲಸ. ಅವನ ಪಿಜಿ ಪಕ್ಕದ ತಿರುವಿನಲ್ಲಿ ಜನ ಕಸ ಸುರಿಯುವ ‘ಬ್ಲಾಕ್ ಸ್ಪಾಟ್’ ಒಂದಿದೆ. ‘ಇಲ್ಲಿ ಕಸ ಹಾಕಬಾರದು, ದಂಡ ವಿಧಿಸಲಾಗುವುದು’ ಅನ್ನೋ ಬೋರ್ಡ್‌ನ ಬುಡದಲ್ಲೇ ರಾಶಿ. ತಮ್ಮ ಎರಡು ದೊಡ್ಡ ‘ಠ’ ಬರೆದ. ಚಾಟ್‌ನಲ್ಲಿ ಪ್ರಪಂಚದ ಯಾವ್ಯಾವುದೋ ಭಾಷೆಯವರು ‘ಠ_ಠ’ ಅಂತ ಗುರಾಯಿಸೋದಕ್ಕೆ ಬಳಸ್ತಾರಲ್ಲ, ಅದು ನಮ್ಮದೇ ಅಕ್ಷರ. ಕೆಳಗೆ ಒಂದೇ ಸಾಲು: ‘ನೋಡ್ತಾ ಇದ್ದೀನಿ’. ಕಟ್ಟಡಗಳಿಗೆ ಕಟ್ಟುವ ದೃಷ್ಟಿಬೊಂಬೆಯ ನೆನಪಾಗುವ ಹಾಗಿತ್ತು.

ಎ3 ಅಳತೆ, ಅಂದರೆ 297 × 420 ಮಿಲಿಮೀಟರ್. ಗೋಡೆಗೆ ಅಂಟಿಸಿ ಇಪ್ಪತ್ತು ಹೆಜ್ಜೆ ಹಿಂದೆ ಹೋಗಿ ಓದಿಸಿದ. ಸ್ಕ್ರೀನ್ ಮೇಲೆ ಝಗಮಗಿಸುತ್ತಿದ್ದ ಕಿತ್ತಳೆ ಬಣ್ಣ ಪ್ರಿಂಟ್‌ನಲ್ಲಿ ಮಂಕಾಗಿತ್ತು. ಪರದೆ ಬೆಳಕಿನಿಂದ ಬಣ್ಣ ಮಾಡುತ್ತೆ, ಪ್ರಿಂಟರ್ ಶಾಯಿಯಿಂದ ಮಾಡುತ್ತೆ, ಎರಡೂ ಒಂದೇ ಆಗಲ್ಲ. ಬಣ್ಣ ತಿದ್ದಿ ಮತ್ತೆ ಪ್ರಿಂಟ್ ಹಾಕಿಸಿದ.

ಪರಿಣಾಮ? ನಾಲ್ಕು ದಿನ ಕಸ ಕಡಿಮೆಯಾಯಿತು. ಐದನೇ ದಿನ ‘ಠ’ದ ಮೇಲೆ ಯಾರೋ ‘ಪಿಜಿ ಖಾಲಿ ಇದೆ’ ಚೀಟಿ ಅಂಟಿಸಿದ್ದರು, ಕೆಳಗೆ ಮತ್ತೆ ರಾಶಿ. ತಮ್ಮ ಬೇಜಾರಲ್ಲಿ ನಿಂತಿದ್ದಾಗ, ಗುಡಿಸಲು ಬಂದ ಪೌರಕಾರ್ಮಿಕ ಅಕ್ಕ ಒಬ್ಬರು, ‘ಕಣ್ಣು ಬಿಟ್ರೆ ಏನಾಗುತ್ತಪ್ಪಾ, ಗಾಡಿ ಎಷ್ಟೊತ್ತಿಗೆ ಬರುತ್ತೆ ಅಂತ ಹಾಕು. ಗಾಡಿ ತಪ್ಪಿಸಿಕೊಂಡವರೇ ಇಲ್ಲಿ ಎಸೆದು ಹೋಗೋದು’ ಅಂದರಂತೆ.

ಎರಡನೇ ಪೋಸ್ಟರ್‌ನಲ್ಲಿ ಕಣ್ಣುಗಳು ಚಿಕ್ಕದಾದವು. ಕಸದ ಗಾಡಿ ಬರುವ ಹೊತ್ತು ದೊಡ್ಡದಾಯಿತು. ಕಸ ನಿಂತೇ ಹೋಯಿತು ಅಂದರೆ ಸುಳ್ಳಾಗುತ್ತೆ. ಆದರೆ ಜನ ನಿಂತು ಅದನ್ನು ಫೋನ್‌ನಲ್ಲಿ ಫೋಟೋ ತೆಗೆದುಕೊಳ್ಳೋದನ್ನ ನಾನೇ ನೋಡಿದೆ. ತಮ್ಮ ಈ ಎರಡೂ ಪೋಸ್ಟರ್‌ಗಳನ್ನು ಕಾಲೇಜಿನಲ್ಲಿ ಪಕ್ಕಪಕ್ಕ ಇಟ್ಟು ತೋರಿಸಿದ, ಸೋತಿದ್ದನ್ನು ಬಚ್ಚಿಡಲಿಲ್ಲ.

ವಿದ್ಯಾರ್ಥಿಗಳದೇ ಗುರುತುಗಳು

ಈ ಗುಂಗಿನಲ್ಲಿ ಹುಡುಕಿದಾಗ ಗೊತ್ತಾಯಿತು, ನಾವು ದಿನಾ ನೋಡುವ ಎಷ್ಟೋ ಗುರುತುಗಳು ವಿದ್ಯಾರ್ಥಿಗಳ ಕೈಯಿಂದ ಬಂದಿವೆ. ನೈಕಿಯ ‘ಸ್ವೂಶ್’ ಬರೆದದ್ದು 1971ರಲ್ಲಿ, ಕ್ಯಾರೊಲಿನ್ ಡೇವಿಡ್‌ಸನ್ ಎಂಬ ಪೋರ್ಟ್‌ಲ್ಯಾಂಡ್‌ನ ವಿದ್ಯಾರ್ಥಿನಿ. ಆಗ ಸಿಕ್ಕಿದ್ದು 35 ಡಾಲರ್. ಮುಂದೆ ಕಂಪನಿ ದೊಡ್ಡದಾದ ಮೇಲೆ, 1983ರಲ್ಲಿ, ಅವರಿಗೆ ಷೇರುಗಳನ್ನು ಕೊಟ್ಟಿತು. ದೂರದರ್ಶನದ ಆ ‘ಕಣ್ಣು’ ದೇವಾಶಿಷ್ ಭಟ್ಟಾಚಾರ್ಯ ಅವರು ಅಹಮದಾಬಾದಿನ ಎನ್‌ಐಡಿಯಲ್ಲಿ ಓದುತ್ತಿದ್ದಾಗ ಮಾಡಿದ್ದು. 2010ರ ಜುಲೈನಲ್ಲಿ ಕೇಂದ್ರ ಸರ್ಕಾರ ಒಪ್ಪಿದ ರೂಪಾಯಿ ಚಿಹ್ನೆ ಐಐಟಿ ಬಾಂಬೆಯಲ್ಲಿ ಸಂಶೋಧನೆ ಮಾಡುತ್ತಿದ್ದ ಡಿ. ಉದಯ ಕುಮಾರ್ ಅವರದ್ದು. ಅವರಿಗೆ ಬಂದ ಬಹುಮಾನ ಎರಡೂವರೆ ಲಕ್ಷ.

ನಮ್ಮ ರಾಜ್ಯದಲ್ಲಿ 2024ರ ತಿದ್ದುಪಡಿಯ ನಂತರ ಅಂಗಡಿ ನಾಮಫಲಕಗಳಲ್ಲಿ ಶೇ 60 ಕನ್ನಡ ಕಡ್ಡಾಯ. ಜಾಗವೇನೋ ಸಿಕ್ಕಿತು. ಆದರೆ ಇಂಗ್ಲಿಷ್ ಲೋಗೋವನ್ನು ತಿಂಗಳುಗಟ್ಟಲೆ ತಿದ್ದಿದವರೇ ಕನ್ನಡವನ್ನು ಸಿಕ್ಕ ಫಾಂಟ್‌ನಲ್ಲಿ ಒತ್ತಿ ಮುಗಿಸಿರೋದು ನೋಡಿದ ಕೂಡಲೇ ಗೊತ್ತಾಗುತ್ತೆ. ಕನ್ನಡದಲ್ಲೇ ಯೋಚಿಸಿ ಬರೆಯುವವರು ಬೇಕಲ್ವಾ? ಅವರಿಗೆ ಕೆಲಸ ಕೊಡುವವರೂ ಬೇಕು.

ನೀವೂ ಯಾರಾದರೂ ಡಿಸೈನ್ ವಿದ್ಯಾರ್ಥಿಯಿಂದ ಕೆಲಸ ಮಾಡಿಸ್ತಿದ್ದರೆ, ನಾನು ಕಲಿತ ನಾಲ್ಕು ಪಾಠ ಇಲ್ಲಿವೆ. ದುಡ್ಡಿನ ಮಾತು ಮೊದಲ ದಿನವೇ ಆಡಿ, ಸ್ವಲ್ಪ ಅಡ್ವಾನ್ಸ್ ಕೊಡಿ. ಎಷ್ಟು ಸಲ ತಿದ್ದಿಸಬಹುದು ಅಂತ ಮುಂಚೆಯೇ ನಿಗದಿ ಮಾಡಿ. ಬರೀ ವಾಟ್ಸ್‌ಆ್ಯಪ್ ಚಿತ್ರ ಸಾಲದು. ಎಷ್ಟು ದೊಡ್ಡದು ಮಾಡಿದರೂ ಒಡೆಯದ ಎಸ್‌ವಿಜಿ ಅಥವಾ ಪಿಡಿಎಫ್ ಫೈಲ್, ಜೊತೆಗೆ ಒಂದೇ ಬಣ್ಣದ ಪ್ರತಿ ಕೇಳಿ ಪಡೆಯಿರಿ. ಲೋಗೋದ ಹಕ್ಕು ಯಾರದ್ದು ಅನ್ನೋದನ್ನ ಬರವಣಿಗೆಯಲ್ಲಿ ಇಡಿ; ಕಾಪಿರೈಟ್ ಕಾನೂನಿನ ಪ್ರಕಾರ ಬಾಯಿಮಾತಿನಲ್ಲಿ ಹಕ್ಕು ಬದಲಾಗಲ್ಲ.

ನಾನು ಬಾಯಿ ಮುಚ್ಚಿಕೊಂಡ ಕ್ಷಣ

ಯುಗಾದಿಗೆ ಊರಿಗೆ ಹೋದಾಗ ಕಾಕು ಮನೆಗೇ ಬಂದರು. ಕೈಯಲ್ಲಿ ಸ್ಟಾಂಪ್ ಒತ್ತಿದ ಚೀಟಿಯ ರೊಟ್ಟಿ ಪ್ಯಾಕೆಟ್. ‘ಎಷ್ಟ ಕೊಡಬೇಕೋ ತಮ್ಮಾ?’ ಅಂದರು.

‘ಅಯ್ಯ, ಬ್ಯಾಡ ಬಿಡ್ರಿ ಕಾಕು, ಮನಿ ಹುಡುಗ’ ಅನ್ನೋ ಮಾತು ನನ್ನ ನಾಲಿಗೆ ತುದಿಗೆ ಬಂದಿತ್ತು. ತಮ್ಮ ನನ್ನ ಕಡೆ ನೋಡಿದ. ನಾನು ನೀರು ತರೋ ನೆಪದಲ್ಲಿ ಒಳಗೆ ಹೋದೆ.

‘ಎರಡ ಸಾವಿರ, ಕಾಕು’ ಅಂದದ್ದು ಅಡುಗೆಮನೆಗೆ ಕೇಳಿಸಿತು. ದನಿ ಸ್ವಲ್ಪ ನಡುಗಿತ್ತು.

‘ಹದಿನೈದ ನೂರು ತಗೋ. ಉಳದಿದ್ದಕ್ಕ ರೊಟ್ಟಿ ತಿನ್ನು’ ಅಂತ ಕಾಕು ನೋಟು ಎಣಿಸಿ ಕೊಟ್ಟರು. ಅದು ಅವನ ಮೊದಲ ಸಂಪಾದನೆ.

ಅವರು ಹೋದ ಮೇಲೆ ಅಪ್ಪ ಪ್ಯಾಕೆಟ್ ಕೈಗೆತ್ತಿಕೊಂಡು ಕಿಟಕಿ ಬೆಳಕಿಗೆ ಹಿಡಿದರು. ‘ಈ ರ ಅಕ್ಷರ ನೀನಾ ಬರದೀಯೇನು?’

‘ಹೂಂ ಅಪ್ಪಾ.’

‘ಅಂಚಿಗೆ ಸೀಳೈತಲ್ಲ, ಬೇಕಂತ ಬಿಟ್ಟೀಯೇನು?’

‘ಹೂಂ.’

ಅಪ್ಪ ಮತ್ತೇನೂ ಅನ್ನಲಿಲ್ಲ. ರೊಟ್ಟಿ ಡಬ್ಬಿಗೆ ಹೋಯಿತು. ಚೀಟಿಯನ್ನು ಮಾತ್ರ ಹರಿಯದಂತೆ ಬಿಡಿಸಿ, ದಿನಾ ಓದುವ ಪೇಪರಿನ ಕೆಳಗೆ ಇಟ್ಟುಕೊಂಡರು.

ಅವತ್ತು ರಾತ್ರಿ ಹನ್ನೊಂದಕ್ಕೆ, ಪಕ್ಕದ ರೂಮಿನಿಂದಲೇ, ನನ್ನ ಫೋನಿಗೆ ಒಂದು ಫೋಟೋ ಬಂತು. ಚಟ್ನಿ ಪುಡಿ ಲೇಬಲ್‌ನ ಸ್ಕೆಚ್. ಕೆಳಗೆ, ‘ಅಕ್ಕಾ, ಇದ್ ನೋಡ.’