ಎಳ್ಳ ಅಮಾವಾಸ್ಯೆ ತಪ್ಪಿಸಿದ ಕ್ಯಾಲೆಂಡರ್

2022ರ ಡಿಸೆಂಬರ್ 23. ನೆಲೋಗಿ ಊರಿನ ಹೊಲದಲ್ಲಿ ಭೂಮಿತಾಯಿಗೆ ಚರಗ ಚೆಲ್ಲಿ, ಸಜ್ಜೆ ಕಡಬು, ಭಜ್ಜಿ ಉಂಡು ಬಂದ ಸಂಜೆ ಮೊಬೈಲಿನಲ್ಲಿ ‘ಎಳ್ಳ ಅಮಾವಾಸ್ಯೆ, ಪ್ರತಿವರ್ಷ’ ಎಂದು ಗುರುತು ಹಾಕಿದೆ. ಅದು ಮನೆಯ ಕಂಪ್ಯೂಟರಿಗೂ ಹೋಗಿ ಕೂತಿತು. ಮರುವರ್ಷ ಡಿಸೆಂಬರ್ 23ಕ್ಕೆ ಎರಡೂ ಒಟ್ಟಿಗೆ ನೆನಪಿಸಿದವು. ಹಬ್ಬಕ್ಕೆ ಇನ್ನೂ 19 ದಿನ ಇತ್ತು!

ಆ ವರ್ಷ ಅಧಿಕ ಶ್ರಾವಣ ಬಂದಿತ್ತು. ಮಾರ್ಗಶಿರದ ಅಮಾವಾಸ್ಯೆ, ಅಂದರೆ ಎಳ್ಳ ಅಮಾವಾಸ್ಯೆ, 2024ರ ಜನವರಿ 11ಕ್ಕೆ ಜಾರಿತು. ಅದೇ ವರ್ಷದ ಡಿಸೆಂಬರ್ 30ಕ್ಕೆ ಮುಂದಿನದೂ ಬಂತು. ಹೀಗಾಗಿ 2023ರಲ್ಲಿ ಎಳ್ಳ ಅಮಾವಾಸ್ಯೆಯೇ ಇಲ್ಲ, 2024ರಲ್ಲಿ ಎರಡು. ಹನ್ನೆರಡು ಚಾಂದ್ರಮಾಸ ಕೂಡಿದರೆ ಸುಮಾರು 354 ದಿನ. ವರ್ಷಕ್ಕೆ 11 ದಿನ ಹಿಂದೆ ಬೀಳುವ ಈ ಲೆಕ್ಕವನ್ನು ಅಧಿಕಮಾಸ ಸರಿದೂಗಿಸುತ್ತದೆ.

ಮೊಬೈಲು, ಕಂಪ್ಯೂಟರುಗಳನ್ನು ಒಂದಕ್ಕೊಂದು ಹೊಂದಿಸುವ ಸಿಂಕ್ ಇಲ್ಲಿ ಕೆಟ್ಟಿರಲಿಲ್ಲ. ತಾನು ಪಡೆದದ್ದನ್ನು ಚಾಚೂ ತಪ್ಪದೆ ಮುಟ್ಟಿಸಿತ್ತು. ತಾರೀಖುಗಳನ್ನು ಒಂದು ಯಂತ್ರದಿಂದ ಇನ್ನೊಂದಕ್ಕೆ ಸಾಗಿಸುವ ಐಕ್ಯಾಲೆಂಡರ್ ಎಂಬ ಮಾದರಿ 1998ರಲ್ಲಿ ಪ್ರಕಟವಾಯಿತು. ‘ಪ್ರತಿ ತಿಂಗಳ ಮೂರನೇ ಗುರುವಾರ’ ಎಂದರೆ ಅದಕ್ಕೆ ತಿಳಿಯುತ್ತದೆ. ‘ಮಾರ್ಗಶಿರ ಅಮಾವಾಸ್ಯೆ’ ಎಂದರೆ ತಿಳಿಯದು. ಚೀನೀ, ಹೀಬ್ರೂ ಮುಂತಾದ ಪಂಚಾಂಗಗಳ ಪ್ರಕಾರವೂ ದಿನ ಮರುಕಳಿಸಲು 2015ರಲ್ಲಿ ಅವಕಾಶ ಮಾಡಿದರು. ಆದರೆ ಆ ಅವಕಾಶ ನೆಚ್ಚಿಕೊಂಡ ಪಂಚಾಂಗಗಳ ಪಟ್ಟಿಯಲ್ಲಿ ಭಾರತದ ಹೆಸರಿನಲ್ಲಿರುವುದು 1957ರಲ್ಲಿ ಜಾರಿಗೆ ಬಂದ ರಾಷ್ಟ್ರೀಯ ಶಕ ಪಂಚಾಂಗ. ಅದು ಸೌರಮಾನದ್ದು, ಚಂದ್ರನ ತಿಥಿಗೆ ಅದರಲ್ಲಿ ಜಾಗವಿಲ್ಲ. ಕೋಟ್ಯಂತರ ಜನ ಬಿತ್ತನೆ, ಜಾತ್ರೆ, ಮದುವೆ ನಡೆಸುವ ಲೆಕ್ಕವೇ ಹೊರಗುಳಿದಿದೆ ಎಂಬುದು ನನಗೆ ನಿಜಕ್ಕೂ ನೋವಿನ ಸಂಗತಿ.

ಫೋನ್ ನಂಬರುಗಳ ಕಥೆ ಬೇರೆ. ತೀರಿಕೊಂಡ ದೊಡ್ಡಪ್ಪನ ನಂಬರನ್ನು ಹಲವು ದಿನ ತಡೆದು ಕಡೆಗೆ ಮೊಬೈಲಿನಿಂದ ಅಳಿಸಿದೆ. ರಾತ್ರಿ ಕಂಪ್ಯೂಟರಿಗೆ ಜೋಡಿಸಿದಾಗ ಮತ್ತೆ ಬಂದು ಕೂತಿತು. ಯಂತ್ರದ ಕಡೆಯಿಂದ ನೋಡಿ: ಒಂದರಲ್ಲಿ ಹೆಸರಿದೆ, ಇನ್ನೊಂದರಲ್ಲಿ ಇಲ್ಲ. ಅಲ್ಲಿ ಅಳಿಸಿದರೋ, ಇಲ್ಲಿ ಹೊಸದಾಗಿ ಸೇರಿಸಿದರೋ? ‘ಇಲ್ಲ’ ಎಂಬುದೊಂದರಿಂದಲೇ ಇದನ್ನು ಹೇಳಲಾಗದು. ಅದಕ್ಕೇ ಒಳ್ಳೆಯ ತಂತ್ರಾಂಶಗಳು ಅಳಿಸಿದ ಹೆಸರಿನ ಜಾಗದಲ್ಲಿ ‘ಇದು ಅಳಿದದ್ದು’ ಎಂಬ ಗುರುತು ಉಳಿಸುತ್ತವೆ. ತಂತ್ರಜ್ಞರು ಅದನ್ನು ಸಮಾಧಿಕಲ್ಲು ಎಂದೇ ಕರೆಯುತ್ತಾರೆ. 2012ರಲ್ಲಿ ಬಂದ ಸಿಂಕ್ ಕ್ರಮದಲ್ಲಂತೂ ನಮ್ಮ ಖಾತೆಯನ್ನು ಇಟ್ಟುಕೊಂಡ ಸರ್ವರ್ ಪ್ರತಿ ಸಲ ಒಂದು ಚೀಟಿ ಕೊಡುತ್ತದೆ. ಮುಂದಿನ ಸಲ ಆ ಚೀಟಿ ತೋರಿಸಿದರೆ, ಅಂದಿನಿಂದ ಯಾವುದು ಬದಲಾಯಿತು, ಯಾವುದು ಹೋಯಿತು ಎಂದು ಬೇರೆಬೇರೆಯಾಗಿ ಹೇಳುತ್ತದೆ. ಹಾಗಾಗಿ ಮೊಬೈಲನ್ನೂ ಕಂಪ್ಯೂಟರನ್ನೂ ನೇರವಾಗಿ ಜೋಡಿಸುವುದಕ್ಕಿಂತ ಎರಡನ್ನೂ ಒಂದೇ ಖಾತೆಗೆ ಕಟ್ಟುವುದು ಮೇಲು. ದೊಡ್ಡಪ್ಪನ ನಂಬರನ್ನು ನಾನು ಎರಡನೇ ಸಲ ಅಳಿಸಿದ್ದು ಹಾಗೆ ಕಟ್ಟಿದ ಮೇಲೆಯೇ.

ಹಬ್ಬಕ್ಕೆ ಮಾತ್ರ ಕೈಬರಹವೇ ಗತಿ. ಉಗಾದಿಗೆ ಹೊಸ ಪಂಚಾಂಗ ತಂದ ದಿನವೇ ಆ ವರ್ಷದ ತಾರೀಖು ಹುಡುಕಿ, ‘ಪ್ರತಿವರ್ಷ’ ಒತ್ತದೆ ಬರೆದಿಡುತ್ತೇನೆ. 2025ಕ್ಕೆ ಡಿಸೆಂಬರ್ 19 ಎಂದು ಬರೆದಿದ್ದೆ. ಬುಟ್ಟಿ ಹೊತ್ತು ಹೊಲಕ್ಕೆ ಹೊರಡುವ ಹೊತ್ತಿಗೆ ಸರಿಯಾಗಿ ಮೊಬೈಲ್ ನೆನಪಿಸಿತು.