ನದೀತೀರದ ಉದ್ಯಾನಗಳಲ್ಲಿ ಲೋಹಶೋಧನೆ

ರೈಲು ನಿಲ್ದಾಣಗಳ ಬಾಗಿಲಲ್ಲಿ ಚೌಕಟ್ಟಿನಂತೆ ನಿಂತು, ಹಾದುಹೋಗುವವರ ಜೇಬಿನ ಕೀಲಿಕೈಗೂ ಕೂಗಿಕೊಳ್ಳುವ ಮೆಟಲ್ ಡಿಟೆಕ್ಟರನ್ನು ನಮ್ಮ ವಾಚಕರಲ್ಲಿ ಕಾಣದವರು ವಿರಳ. ಅದೇ ಬಗೆಯ ಯಂತ್ರವನ್ನು ಕೋಲಿನ ತುದಿಗೆ ಅಳವಡಿಸಿಕೊಂಡು, ರಜೆಯ ದಿನಗಳಲ್ಲಿ ಹೊಲ, ಹುಲ್ಲುಗಾವಲು, ನದೀತೀರಗಳಲ್ಲಿ ಅಲೆಯುತ್ತ, ಗತಿಸಿದವರ ಕಾಸುಗಳನ್ನೂ ಗುಂಡಿಗಳನ್ನೂ ಅರಸುವ ಹವ್ಯಾಸವೊಂದು ಇಂಗ್ಲೆಂಡಿನಲ್ಲಿ ಬಹುಕಾಲದಿಂದ ಬೇರೂರಿದೆ. ಹೀಗೆ ಅರಸುವವರೆಲ್ಲರೂ ವಿದ್ವಾಂಸರಲ್ಲ; ಸಾಮಾನ್ಯ ನೌಕರರೂ ನಿವೃತ್ತರೂ ಅವರಲ್ಲಿದ್ದಾರೆ. ನೆಲದಲ್ಲಿ ಸಿಕ್ಕಿದ್ದು ಯಾರಿಗೆ ಸೇರಬೇಕು ಎಂಬ ಪ್ರಶ್ನೆಗೆ ಆ ದೇಶವು ಕಂಡುಕೊಂಡ ಉತ್ತರವು ನಮಗೂ ವಿಚಾರಾರ್ಹವಾದುದರಿಂದ ಈ ವಿಷಯವನ್ನಿಲ್ಲಿ ಪ್ರಸ್ತಾಪಿಸುತ್ತಿದ್ದೇವೆ.

ಯಂತ್ರದ ತತ್ತ್ವವು ಸರಳವಾದುದು. ತಂತಿಯ ಸುರುಳಿಯಲ್ಲಿ ಹರಿಯುವ ವಿದ್ಯುತ್ತು ಸುತ್ತಲೂ ಕಾಂತಕ್ಷೇತ್ರವೊಂದನ್ನು ಹರಡುತ್ತದೆ. ನೆಲದೊಳಗೆ ಲೋಹವಿದ್ದರೆ ಅದರಲ್ಲಿ ಸಣ್ಣ ವಿದ್ಯುತ್ ಸುಳಿಗಳೇಳುತ್ತವೆ. ಅವುಗಳ ಪ್ರಭಾವವನ್ನು ಗ್ರಹಿಸಿ ಯಂತ್ರವು ಸದ್ದುಮಾಡುತ್ತದೆ. 1881ರಲ್ಲಿ ಅಮೆರಿಕದ ಅಧ್ಯಕ್ಷ ಗಾರ್‌ಫೀಲ್ಡರ ದೇಹದಲ್ಲಿ ಹುದುಗಿದ್ದ ಗುಂಡನ್ನು ಪತ್ತೆಮಾಡಲು, ಟೆಲಿಫೋನಿನಿಂದ ಖ್ಯಾತನಾದ ಗ್ರಹಾಂ ಬೆಲ್ ಇಂಥ ಸಾಧನವೊಂದನ್ನು ಪ್ರಯೋಗಿಸಿ ವಿಫಲನಾದನು. ಎರಡನೆಯ ಮಹಾಯುದ್ಧದಲ್ಲಿ ಪೋಲೆಂಡಿನ ಇಂಜಿನಿಯರ್ ಕೊಸಾಟ್‌ಸ್ಕಿ ರೂಪಿಸಿದ ಯಂತ್ರವು 1942ರ ಎಲ್ ಅಲಮೇನ್ ಕದನದಲ್ಲಿ ನೆಲದಲ್ಲಿ ಹೂತಿಟ್ಟ ಸಿಡಿಗುಂಡುಗಳನ್ನು ತೋರಿಸಿಕೊಟ್ಟಿತು. ಯುದ್ಧದ ತರುವಾಯ ಅದು ಹವ್ಯಾಸಿಗಳ ಕೈಸೇರಿತು.

ಈ ಹವ್ಯಾಸಕ್ಕೆ ಲಂಡನ್ನಿನ ಥೇಮ್ಸ್ ನದಿಯಷ್ಟು ಸಮೃದ್ಧವಾದ ತಾಣಗಳು ಕಡಮೆ. ಸಮುದ್ರದ ಉಬ್ಬರವಿಳಿತವು ನಗರದೊಳಕ್ಕೂ ಬರುವುದರಿಂದ ಅಲ್ಲಿ ನೀರು ದಿನಕ್ಕೆರಡು ಬಾರಿ 7 ಮೀಟರುಗಳವರೆಗೂ ಏರಿಳಿಯುತ್ತದೆ. ಇಳಿದಾಗ ದಂಡೆಯ ಉದ್ಯಾನಗಳ ಕಟ್ಟೆಯ ಕೆಳಗೆ ಕೆಸರಿನ ನೆಲವು ತೆರೆದುಕೊಳ್ಳುತ್ತದೆ. ಗಾಳಿಯಾಡದ ಆ ಕೆಸರಿನಲ್ಲಿ ತೊಗಲು, ಮರ, ಲೋಹಗಳು ಶತಮಾನಗಳ ಕಾಲ ಕೆಡದೆ ಉಳಿಯುತ್ತವೆ. 19ನೆಯ ಶತಮಾನದಲ್ಲಿ ಬಡವರ ಮಕ್ಕಳು ಬರಿಗಾಲಿನಲ್ಲಿ ಅಲ್ಲಿಗಿಳಿದು ಕಲ್ಲಿದ್ದಲು, ಹಗ್ಗದ ತುಂಡು, ತಾಮ್ರದ ಮೊಳೆಗಳನ್ನು ಆಯ್ದು ಮಾರಿ ಹೊಟ್ಟೆಹೊರೆಯುತ್ತಿದ್ದರು. ಅವರನ್ನು 'ಮಡ್‌ಲಾರ್ಕ್' ಎಂದು ಕರೆಯುತ್ತಿದ್ದರು. ಹೊಟ್ಟೆಪಾಡಿನ ಆ ಹೆಸರು ಇಂದು ಹವ್ಯಾಸಿಗಳ ಹೆಸರಾಗಿದೆ.

1858ರಲ್ಲಿ ತೆರೆಯಲಾದ ಬ್ಯಾಟರ್ಸೀ ಉದ್ಯಾನವು ಈ ನದಿಯ ದಂಡೆಯಲ್ಲೇ ಇದೆ. ಅದಕ್ಕೆ ಹಿಂದಿನ ವರ್ಷ, ಪಕ್ಕದ ಚೆಲ್ಸೀ ಸೇತುವೆಯನ್ನು ಕಟ್ಟುವಾಗ, ನದಿಯ ತಳದಿಂದ ಕಂಚಿನ ಗುರಾಣಿಯೊಂದು ಮೇಲೆ ಬಂದಿತು. ಕೆಂಪು ಗಾಜಿನಿಂದ ಅಲಂಕೃತವಾದ ಆ ಗುರಾಣಿಯು ಎರಡು ಸಾವಿರ ವರ್ಷಗಳಿಗೂ ಹಿಂದಿನದು. ಈಗ ಬ್ರಿಟಿಷ್ ಮ್ಯೂಸಿಯಮಿನಲ್ಲಿದೆ. ಕದನದಲ್ಲಿ ಏಟು ತಾಳುವಂಥ ಗಟ್ಟಿತನ ಅದಕ್ಕಿಲ್ಲ. ನದಿಗೆ ಕಾಣಿಕೆಯಾಗಿ ಅರ್ಪಿತವಾದುದಿರಬೇಕೆಂದು ವಿದ್ವಾಂಸರು ಊಹಿಸುತ್ತಾರೆ. ಊರಿಗೆ ಹೋಗುವಾಗ ಕೃಷ್ಣೆ, ತುಂಗಭದ್ರೆಯರ ಸೇತುವೆಯ ಮೇಲೆ ರೈಲಿನ ಕಿಟಕಿಯಿಂದ ಕಾಸೆಸೆದು ಕೈಮುಗಿಯುವ ನಮ್ಮವರಿಗೆ ಈ ಊಹೆಯು ವಿಚಿತ್ರವೆನಿಸಲಾರದು. ಇಂದಿನ ಹುಡುಕಾಟಗಾರರಿಗೆ ಅದೇ ಕೆಸರಿನಲ್ಲಿ ಪುಟ್ಟ ಗಣಪತಿಯ ಮೂರ್ತಿಗಳೂ ಯಂತ್ರದ ತಗಡುಗಳೂ ದೊರೆಯುತ್ತಿವೆ. ಅಲ್ಲಿ ನೆಲೆಸಿದ ಭಾರತೀಯರು ಥೇಮ್ಸನ್ನೇ ಗಂಗೆಯೆಂದು ಭಾವಿಸಿ ಅರ್ಪಿಸಿದವು ಅವು.

ಹೋಟೆಲು ಕೆಲಸದಲ್ಲಿರುವ ವಾಚಕರಿಗೆ ಹಿಡಿಸಬಹುದಾದ ವಸ್ತು ಮತ್ತೊಂದಿದೆ. 17ನೆಯ ಶತಮಾನದ ನಡುವೆ ಇಂಗ್ಲೆಂಡಿನಲ್ಲಿ ಚಿಲ್ಲರೆಯ ಅಭಾವವು ತೀವ್ರವಾಯಿತು. ಗಲ್ಲಾಪೆಟ್ಟಿಗೆಯ ಮುಂದೆ ಕುಳಿತವರಿಗೆ ಆ ಸಂಕಟವನ್ನು ವಿವರಿಸಬೇಕಾಗಿಲ್ಲ. 1648ರಿಂದ 1672ರವರೆಗೆ ಅಂಗಡಿಕಾರರೂ ಪಾನಗೃಹಗಳ ಯಜಮಾನರೂ ತಮ್ಮ ಹೆಸರು, ಬೀದಿ, ಅಂಗಡಿಯ ಗುರುತುಗಳನ್ನು ಮುದ್ರಿಸಿದ ತಾಮ್ರ ಅಥವಾ ಹಿತ್ತಾಳೆಯ ಬಿಲ್ಲೆಗಳನ್ನು ತಾವೇ ಚಲಾವಣೆಗೆ ತಂದರು. ಲೋಹದ ಬೆಲೆಯಿಂದ ನೋಡಿದರೆ ಅಂಥ ಬಿಲ್ಲೆಯು ಏನೂ ಅಲ್ಲ. ಆದರೆ 1666ರ ಮಹಾಗ್ನಿಯಲ್ಲಿ ಸುಟ್ಟುಹೋದ ಬೀದಿಯೊಂದರಲ್ಲಿ ಇಂಥವನೊಬ್ಬನು ಇದ್ದನು, ಅವನ ಬಾಗಿಲ ಮೇಲೆ ಇಂಥ ಚಿತ್ರ ತೂಗುತ್ತಿತ್ತು ಎಂಬುದಕ್ಕೆ ಅದುವೇ ಸಾಕ್ಷಿ. ರಾಜರ ಚರಿತ್ರೆಯಲ್ಲಿ ಹೆಸರಿಲ್ಲದವರ ಚರಿತ್ರೆಯು ಹೀಗೆ ಕೆಸರಿನಿಂದ ಮೇಲೇಳುತ್ತದೆ.

ಆದರೆ ಈ ಸಾಕ್ಷಿಗೆ ಬೆಲೆ ಬರುವುದು, ಅದು ಎಲ್ಲಿ, ಯಾವುದರ ಜೊತೆಯಲ್ಲಿ ಸಿಕ್ಕಿತೆಂಬುದು ತಿಳಿದಾಗ ಮಾತ್ರ. ಜಾಗದ ಗುರುತಿಲ್ಲದೆ ಸಂತೆಯಲ್ಲಿ ಮಾರಾಟವಾದ ನಾಣ್ಯವು ಮೂಕವಾಗುತ್ತದೆ. ಆದುದರಿಂದಲೇ ಅಲ್ಲಿ ಬಿಗಿಯಾದ ನಿಯಮಗಳಿವೆ. ಗ್ರೀನಿಚ್ ಮೊದಲಾದ ರಾಜೋದ್ಯಾನಗಳಲ್ಲಿ ಲೋಹಶೋಧನೆಯು ನಿಷಿದ್ಧ. 1215ರಲ್ಲಿ ಮ್ಯಾಗ್ನ ಕಾರ್ಟ ಸನ್ನದಿಗೆ ದೊರೆಯು ಮುದ್ರೆಯೊತ್ತಿದ ರನ್ನಿಮೀಡಿನ ನದೀತೀರದ ಹುಲ್ಲುಗಾವಲಿನಲ್ಲಿಯೂ ಅನುಮತಿಯಿಲ್ಲದೆ ಯಂತ್ರವನ್ನು ಆಡಿಸುವಂತಿಲ್ಲ. ಥೇಮ್ಸಿನ ಕೆಸರಿನಲ್ಲಿ ಹುಡುಕಲು ಲಂಡನ್ ಬಂದರು ಪ್ರಾಧಿಕಾರದ ಪರವಾನಗಿ ಬೇಕು; 300 ವರ್ಷಗಳಿಗಿಂತ ಹಳೆಯದು ಸಿಕ್ಕಿದರೆ ವಸ್ತುಸಂಗ್ರಹಾಲಯದ ಅಧಿಕಾರಿಗೆ ತೋರಿಸಿ ದಾಖಲಿಸಬೇಕು. 1996ರ ನಿಧಿ ಶಾಸನದ ಪ್ರಕಾರ ನಿಧಿಯನ್ನು ಸಂಗ್ರಹಾಲಯವು ಕೊಂಡರೆ, ಅದರ ಬೆಲೆಯು ಕಂಡುಹಿಡಿದವನಿಗೂ ನೆಲದ ಒಡೆಯನಿಗೂ ಸಲ್ಲುತ್ತದೆ. 1997ರಿಂದ ಸಾಮಾನ್ಯ ಜನರು ತಾವಾಗಿ ತಂದು ದಾಖಲು ಮಾಡಿಸಿದ ವಸ್ತುಗಳು 15 ಲಕ್ಷವನ್ನು ಮೀರಿವೆ.

ನಿಯಮವನ್ನು ಪಾಲಿಸಿದವನಿಗೂ ಮುರಿದವನಿಗೂ ಆಗುವ ಭೇದವನ್ನು 2015ರ ಎರಡು ಪ್ರಸಂಗಗಳು ತೋರಿಸುತ್ತವೆ. ಇವು ನಡೆದುದು ಹೊಲಗಳಲ್ಲಿ. ವಾಟ್ಲಿಂಗ್ಟನ್ನಿನ ಬಳಿ ಒಬ್ಬ ನಿವೃತ್ತನಿಗೆ 9ನೆಯ ಶತಮಾನದ ಬೆಳ್ಳಿಯ ನಾಣ್ಯಗಳ ರಾಶಿಯು ಸಿಕ್ಕಿತು. ಅವನು ಅಧಿಕಾರಿಗಳಿಗೆ ತಿಳಿಸಿದನು. ತಜ್ಞರು ಬಂದು ಮಣ್ಣಿನ ಗಟ್ಟಿಯ ಸಹಿತ ರಾಶಿಯನ್ನು ಎತ್ತಿದರು. ಆಲ್ಫ್ರೆಡ್ ದೊರೆ ಮತ್ತು ನೆರೆರಾಜ್ಯದ ಚೋಲ್‌ವುಲ್ಫ್ ದೊರೆಗಳು ಮಿತ್ರರಾಗಿದ್ದರೆಂಬುದಕ್ಕೆ ಆ ನಾಣ್ಯಗಳು ಬಲವಾದ ಆಧಾರ ಒದಗಿಸಿದವು. 2017ರಲ್ಲಿ ಆಕ್ಸ್‌ಫರ್ಡಿನ ಆಶ್ಮೋಲಿಯನ್ ಸಂಗ್ರಹಾಲಯವು ಅವನ್ನು 13.5 ಲಕ್ಷ ಪೌಂಡಿಗೆ ಕೊಂಡಿತು. ಅದೇ ವರ್ಷ ಲೆಮ್‌ಸ್ಟರಿನ ಬಳಿ ಅದೇ ಕಾಲದ ನಿಧಿಯನ್ನು ಕಂಡ ಇಬ್ಬರು ಅದನ್ನು ಮರೆಮಾಚಿ ಮಾರಹೊರಟರು. ಸುಮಾರು 300 ನಾಣ್ಯಗಳಿದ್ದಿರಬೇಕಾದಲ್ಲಿ ವಿಚಾರಣೆಯ ವೇಳೆಗೆ ಕೈಸೇರಿದವು ಮೂವತ್ತರಷ್ಟು. 2019ರಲ್ಲಿ ಅವರಿಗೆ ಕಾರಾಗೃಹವಾಸ ವಿಧಿಸಲಾಯಿತು. ದೇಶವು ಕಳೆದುಕೊಂಡುದು ಬೆಳ್ಳಿಯನ್ನು ಮಾತ್ರವಲ್ಲ, ಬೆಳ್ಳಿಯು ಹೇಳಬಹುದಾಗಿದ್ದ ಮಾತನ್ನೂ.

ನಮ್ಮ ನಾಡಿನಲ್ಲಿಯೂ ನಿಧಿಗಳ್ಳರ ಹಾವಳಿಯು ಹೊಸದಲ್ಲ. ನಿಧಿಯ ಆಸೆಗೆ ಹಾಳುಗುಡಿಗಳ ಗರ್ಭಗೃಹವನ್ನೇ ಅಗೆದವರಿದ್ದಾರೆ. ಕಲ್ಲಿನ ಬಸವನನ್ನು ಒಡೆದವರಿದ್ದಾರೆ. ಕಾಯಿದೆ ಇಲ್ಲದೆ ಹೀಗಾಗುತ್ತಿದೆಯೆಂದಲ್ಲ. 1878ರ ಭಾರತೀಯ ನಿಧಿ ಶಾಸನವು, ಹತ್ತು ರೂಪಾಯಿಗೆ ಮೀರಿದ ನಿಧಿ ಸಿಕ್ಕಿದರೆ ಕಲೆಕ್ಟರರಿಗೆ ಲಿಖಿತವಾಗಿ ತಿಳಿಸಬೇಕೆಂದು ವಿಧಿಸಿದೆ. ಒಡೆಯರು ಯಾರೂ ಇಲ್ಲದ ನಿಧಿಯಲ್ಲಿ ಕಂಡವನಿಗೂ ಪಾಲನ್ನು ಕೊಟ್ಟಿದೆ. ಮರೆಮಾಚಿದವನಿಗೆ ಪಾಲು ತಪ್ಪಿ ಶಿಕ್ಷೆ ಕಾದಿದೆ. ಕರ್ನಾಟಕದಲ್ಲಿ 1962ರ ಪ್ರತ್ಯೇಕ ಶಾಸನವಿದೆ. ಹಂಪೆಯಂಥ ಸಂರಕ್ಷಿತ ಸ್ಥಳಗಳಲ್ಲಿ ಅನುಮತಿಯಿಲ್ಲದೆ ಅಗೆಯುವುದೇ ಅಪರಾಧ.

ಪರಸ್ಥಳದಲ್ಲಿ ದುಡಿದು ಕೂಡಿಟ್ಟ ಹಣದಿಂದ ಊರಿನಲ್ಲಿ ಮನೆ ಕಟ್ಟಿಸುವ, ಬಾವಿ ತೋಡಿಸುವ ಬಾಂಧವರು ನಮ್ಮಲ್ಲಿ ಅನೇಕರಿದ್ದಾರೆ. ಗುದ್ದಲಿಗೆ ಹಳೆಯ ಹಣವೋ ತಾಮ್ರಪಟವೋ ತಗುಲಿದರೆ ಅದನ್ನು ಹುಣಿಸೆಹುಳಿಯಿಂದ ಉಜ್ಜದೆ, ಅಕ್ಕಸಾಲೆಯ ಕುಲುಮೆಗೆ ಕೊಡದೆ, ಸಿಕ್ಕಿದ ಜಾಗಕ್ಕೆ ಗುರುತಿಟ್ಟು ತಹಸೀಲ್ದಾರರಿಗೆ ತಿಳಿಸುವುದೇ ವಿಹಿತ. ಕರಗಿಸಿದ ಚಿನ್ನವು ಒಂದು ವರ್ಷದ ಖರ್ಚಿಗೆ ಒದಗೀತು. ಉಳಿಸಿಕೊಟ್ಟ ನಾಣ್ಯವು ಊರಿನ ಹೆಸರನ್ನು ಚರಿತ್ರೆಯಲ್ಲಿ ನಿಲ್ಲಿಸುತ್ತದೆ.