ಹಳೆ ಲೋಹದ ಘಾಟು ಇಳಿಸುವ ಕಸುಬು

ಹೈದರಾಬಾದಿನ ಅಬಿಡ್ಸ್ ಪುಸ್ತಕಪ್ರಿಯರಿಗೆ ಭಾನುವಾರದ ಊರು. ಅಂದು ದೊಡ್ಡ ಅಂಗಡಿಗಳ ಷಟರ್ ಇಳಿದಿರುತ್ತದೆ. ಅವುಗಳ ಮುಂದಿನ ಫುಟ್‌ಪಾತಿನುದ್ದಕ್ಕೂ ಹಳೆ ಪುಸ್ತಕಗಳ ರಾಶಿ. ಆದರೆ ಈ ಭಾಗದ ವ್ಯಾಪಾರ ಪುಸ್ತಕಕ್ಕೇ ಮುಗಿಯುವುದಿಲ್ಲ. ಜಗದೀಶ್ ಮಾರ್ಕೆಟ್ಟಿನಲ್ಲಿ ಮೊಬೈಲು, ಅಲ್ಲಿಂದ ನಡೆದೇ ಹೋಗಬಹುದಾದ ಕೋಠಿಯ ಗುಜರಾತಿ ಗಲ್ಲಿಯಲ್ಲಿ ಎಲೆಕ್ಟ್ರಾನಿಕ್ ಬಿಡಿಭಾಗ, ಟ್ರೂಪ್ ಬಜಾರಿನಲ್ಲಿ ಹಾರ್ಡ್‌ವೇರ್, ಬೇಗಂ ಬಜಾರಿನಲ್ಲಿ ಹಿತ್ತಾಳೆ-ತಾಮ್ರ. ಗುರುವಾರ ಬಂತೆಂದರೆ ಜುಮ್ಮೇರಾತ್ ಬಜಾರಿನಲ್ಲಿ ಏನುಂಟು ಏನಿಲ್ಲ ಎನ್ನುವಂತೆ ಗುಜರಿ ಸಾಮಾನು.

ಬಳಸಿದ ವಸ್ತುವಿಗೆ ಮತ್ತೆ ಬೆಲೆ ಕಟ್ಟುವುದು ಅಬಿಡ್ಸ್‌ಗೆ ಹುಟ್ಟಿನಿಂದಲೇ ಬಂದದ್ದು ಎನ್ನಬೇಕು. ಆರನೆಯ ನಿಜಾಮ ಮೀರ್ ಮಹಬೂಬ್ ಅಲಿ ಖಾನರ (ಆಳ್ವಿಕೆ 1869–1911) ಖಾಸಾ ಸೇವಕನಾಗಿದ್ದ ಆಲ್ಬರ್ಟ್ ಅಬಿಡ್ ಇಲ್ಲಿ ಅಂಗಡಿ ಇಟ್ಟಿದ್ದ. ಅವನಿಂದಲೇ ಪ್ರದೇಶಕ್ಕೆ ಈ ಹೆಸರು. ಅರಮನೆಯಲ್ಲಿ ‘ಹಳತಾಯಿತು’ ಎಂದು ಎತ್ತಿಟ್ಟ ಸಾಮಾನನ್ನು ಅವನು ತನ್ನ ಅಂಗಡಿಗೆ ಸಾಗಿಸಿ ಮತ್ತೆ ನಿಜಾಮರಿಗೇ ಮಾರುತ್ತಿದ್ದ ಎಂದು ಊರಿನವರು ಈಗಲೂ ನಗುತ್ತ ಹೇಳುವ ಕಥೆಯಿದೆ.

ಇಂಥ ಬಜಾರುಗಳಿಂದ ಹಳೆ ಟೈಪ್‌ರೈಟರೋ, ಆಂಪ್ಲಿಫೈಯರೋ, ಟೇಬಲ್ ಫ್ಯಾನೋ, ಕ್ಯಾಮೆರಾ ಬಾಡಿಯೋ ಕೊಂಡು ತಂದವರಿಗೆ ಎರಡನೇ ದಿನ ಒಂದು ಸಂಗತಿ ತಿಳಿಯುತ್ತದೆ. ಬೀದಿಯ ಗಾಳಿಯಲ್ಲಿ ಗೊತ್ತಾಗದ ಸಿಗರೇಟಿನ ಘಾಟು, ಮುಚ್ಚಿದ ಕೋಣೆಯಲ್ಲಿ ಮೂಗಿಗೆ ಅಡರುತ್ತದೆ. ಅದು ಬಂದದ್ದು ಎಲ್ಲಿಂದ ಎಂದು ಕೇಳಬೇಕಾಗಿಲ್ಲ. ದೇಶದಲ್ಲಿ ಸಾರ್ವಜನಿಕ ಸ್ಥಳಗಳ ಧೂಮಪಾನ ನಿಷೇಧ ಬಿಗಿಯಾಗಿ ಜಾರಿಗೆ ಬಂದದ್ದು 2008ರ ಅಕ್ಟೋಬರ್ 2ರಿಂದ. ಅದಕ್ಕೂ ಮುಂಚೆ ಕಚೇರಿಯ ಮೇಜಿನ ಮೇಲೆ ಟೈಪ್‌ರೈಟರಿನ ಪಕ್ಕದಲ್ಲೇ ಆ್ಯಷ್‌ಟ್ರೇ ಇರುತ್ತಿತ್ತು. ಹೈದರಾಬಾದಂತೂ ಚಾರ್‌ಮಿನಾರ್ ಸಿಗರೇಟಿನ ತವರು. 1930ರಲ್ಲಿ ಕಂಪನಿಯಾಗಿ ನೋಂದಣಿಯಾದ ವಜೀರ್ ಸುಲ್ತಾನ್ ಟೊಬ್ಯಾಕೊ ತಯಾರಿಸಿದ ಈ ಫಿಲ್ಟರ್ ಇಲ್ಲದ ಅಗ್ಗದ ಸಿಗರೇಟು ದೇಶವೆಲ್ಲ ತಿರುಗಿತು. ಸತ್ಯಜಿತ್ ರಾಯ್ ಅವರ ಪತ್ತೇದಾರ ಫೆಲುದಾ ಸೇದುತ್ತಿದ್ದುದೂ ಇದನ್ನೇ. ಹತ್ತಾರು ವರ್ಷ ಅಂಥ ಹೊಗೆ ಕುಡಿದ ಯಂತ್ರ ಈಗ ನಿಮ್ಮ ಮನೆಯಲ್ಲಿದೆ.

‘ಸಿಗರೇಟಿನ ವಾಸನೆ ತೆಗೆಯಲಾಗುವುದು’ ಎಂದು ಬೋರ್ಡು ಹಾಕಿಕೊಂಡ ಅಂಗಡಿಯನ್ನು ಹುಡುಕಬೇಡಿ. ಹಳೆ ಯಂತ್ರ ರಿಪೇರಿ ಮಾಡುವವರು ‘ಸರ್ವಿಸಿಂಗ್’ ಎಂದು ಕರೆಯುವ ಕೆಲಸದೊಳಗೇ ಈ ಕಸುಬು ಅಡಗಿದೆ. ತಾಳ್ಮೆ ಇದ್ದವರು ಮನೆಯಲ್ಲೂ ಮಾಡಬಹುದು.

ತಪ್ಪು ಲೋಹದ್ದಲ್ಲ

ಮೊದಲು ತಿಳಿಯಬೇಕಾದ ಮಾತು: ಲೋಹ ವಾಸನೆ ಕುಡಿಯುವುದಿಲ್ಲ. ಬಟ್ಟೆ, ಮರ, ಸ್ಪಂಜಿನಂತೆ ಅದಕ್ಕೆ ಒಳಗೆ ಹೀರಿಕೊಳ್ಳುವ ರಂಧ್ರಗಳಿಲ್ಲ. ಸಿಗರೇಟಿನ ಹೊಗೆ ಅತಿ ಸೂಕ್ಷ್ಮ ಹನಿಗಳ ಮೋಡ. ಅದರಲ್ಲಿರುವ ಟಾರ್ ಮತ್ತು ನಿಕೋಟಿನ್, ಅಡುಗೆಮನೆಯ ಎಕ್ಸಾಸ್ಟ್ ಫ್ಯಾನಿನ ಮೇಲೆ ಕೂರುವ ಜಿಡ್ಡಿನಂತೆ, ಲೋಹದ ಮೇಲೆ ಹಳದಿ-ಕಂದು ಪದರವಾಗಿ ಕೂರುತ್ತವೆ. ಆ ಅಂಟಿಗೆ ಧೂಳು ಸೇರುತ್ತದೆ. ಹಳೆ ಗ್ರೀಸು, ಎಣ್ಣೆ ಇದ್ದ ಕಡೆ ಘಾಟು ಅದರೊಳಗೇ ಕರಗಿ ನಿಲ್ಲುತ್ತದೆ. ನಯವಾದ ಸ್ಟೀಲಿಗಿಂತ ಒರಟಾದ ಎರಕದ ಭಾಗ, ಸುಕ್ಕುಸುಕ್ಕಾದ ಪೇಂಟು ಇರುವ ಭಾಗಗಳಲ್ಲಿ ಪದರ ಬಿಡಿಸುವುದು ಕಷ್ಟ, ಅಷ್ಟೆ.

ನಿಜವಾಗಿ ವಾಸನೆ ಹೀರುವುದು ಲೋಹದ ಜೊತೆಗಾರರು: ಸದ್ದು ತಗ್ಗಿಸಲು ಅಂಟಿಸಿದ ಫೆಲ್ಟ್, ರಬ್ಬರ್ ಬುಷ್, ಫೋಮ್, ಚರ್ಮ, ರಟ್ಟು. ಮನೆಗೆ ತಂದವರು ಕಬ್ಬಿಣವನ್ನು ಮೂರು ಸಲ ಉಜ್ಜಿ, ಫೆಲ್ಟನ್ನು ಹಾಗೇ ಬಿಟ್ಟು, ‘ವಾಸನೆ ಹೋಗಲೇ ಇಲ್ಲ’ ಎಂದು ಗೊಣಗುವುದು ಇದಕ್ಕೇ.

ಬಿಸಿಲಿಗಿಟ್ಟರೆ ಹೋಗುತ್ತದೆ ಎನ್ನುವವರಿದ್ದಾರೆ. ನಿಕೋಟಿನ್ ಕುದಿಯುವುದು ಸುಮಾರು 247 ಡಿಗ್ರಿ ಸೆಲ್ಸಿಯಸ್‌ನಲ್ಲಿ. ಹೈದರಾಬಾದಿನ ಮೇ ತಿಂಗಳ ಬಿಸಿಲು 42 ದಾಟಿದರೂ ಅದರ ಹತ್ತಿರಕ್ಕೆ ಹೋಗುವುದಿಲ್ಲ. ಬಿಸಿಗೆ ಪದರದಿಂದ ಒಂದಿಷ್ಟು ಆವಿ ಏಳುತ್ತದೆ, ಆದ್ದರಿಂದಲೇ ಮಧ್ಯಾಹ್ನ ಘಾಟು ಹೆಚ್ಚು. ಪದರ ಮಾತ್ರ ಅಲ್ಲೇ ಇರುತ್ತದೆ. ಸೆಂಟು, ಅಗರಬತ್ತಿ, ಕರ್ಪೂರ ಇವು ಎರಡು ದಿನ ಮರೆಮಾಚುತ್ತವೆ. ಆಮೇಲೆ ಎರಡೂ ವಾಸನೆ ಬೆರೆತು ಇನ್ನಷ್ಟು ಕೆಡುತ್ತದೆ.

ಬಿಚ್ಚಿ, ತೊಳೆದು, ಒಣಗಿಸಿ

ಒಂದು ಟೈಪ್‌ರೈಟರನ್ನೇ ತೆಗೆದುಕೊಳ್ಳೋಣ. ಗೋದ್ರೆಜ್ ಕಂಪನಿ 1955ರಲ್ಲಿ ಆರಂಭಿಸಿದ ಟೈಪ್‌ರೈಟರುಗಳು ಇಂದಿಗೂ ಗುಜರಿಗಳಲ್ಲಿ ಸಿಗುತ್ತವೆ. ಕೈಗೆ ಗ್ಲೌಸ್ ಹಾಕಿಕೊಂಡು, ಕಿಟಕಿ ತೆರೆದು, ಮೊದಲು ಹೊರಕವಚದ ಸ್ಕ್ರೂ ಬಿಚ್ಚಬೇಕು. ಒಳಮೈಗೆ ಅಂಟಿಸಿದ ಫೆಲ್ಟ್ ಕಾಣುತ್ತದೆ. ಅದನ್ನು ಕಿತ್ತು ಎಸೆಯಿರಿ, ತೊಳೆಯುವ ಆಸೆ ಬೇಡ. ಹಳೆ ರಿಬ್ಬನ್ನಿಗೂ ಅದೇ ಗತಿ. ಒಣ ಬ್ರಷ್ಷಿನಿಂದ ಧೂಳು ಝಾಡಿಸಿ. ನಂತರ ಬಿಚ್ಚಿದ ಕವಚವನ್ನು ಉಗುರುಬೆಚ್ಚನೆಯ ನೀರಿಗೆ ಪಾತ್ರೆ ತೊಳೆಯುವ ಲಿಕ್ವಿಡ್ ಹಾಕಿ, ಹಳೆ ಟೂತ್‌ಬ್ರಷ್ಷಿನಿಂದ ಮೂಲೆಮೂಲೆಗೂ ಉಜ್ಜಿ. ಮೊದಲ ಸುತ್ತಿನ ನೀರು ಕಂದುಬಣ್ಣಕ್ಕೆ ತಿರುಗುತ್ತದೆ. ನೀರಿಗೆ ಬಣ್ಣ ಬಿಡುವುದು ನಿಲ್ಲುವವರೆಗೆ ಸುತ್ತು ನಡೆಯಬೇಕು.

ನೀರು ತಾಗಬಾರದ ಒಳಯಂತ್ರಕ್ಕೆ ಐಸೊಪ್ರೊಪೈಲ್ ಆಲ್ಕೊಹಾಲ್, ರಿಪೇರಿಯವರ ಬಾಯಲ್ಲಿ ಐಪಿಎ. ಟಾರ್ ಇದರಲ್ಲಿ ಕರಗುತ್ತದೆ. ಬಟ್ಟೆಯ ತುಂಡಿಗೆ ತುಸು ಹಾಕಿಕೊಂಡು ಒಂದೊಂದೇ ಕಡ್ಡಿಯನ್ನು ಒರೆಸಬೇಕು. ಬಟ್ಟೆ ಹಳದಿಯಾದಂತೆ ಹೊಸ ಮಗ್ಗುಲು ತಿರುಗಿಸಬೇಕು, ಇಲ್ಲದಿದ್ದರೆ ಇಲ್ಲಿಯ ಜಿಡ್ಡನ್ನು ಅಲ್ಲಿಗೆ ಬಳಿದಂತಾಗುತ್ತದೆ. ಪೇಂಟು, ಕಂಪನಿಯ ಹೆಸರಿನ ಅಕ್ಷರ ಇರುವಲ್ಲಿ ಮೊದಲು ಕಾಣದ ಮೂಲೆಯಲ್ಲಿ ಪರೀಕ್ಷಿಸಿ, ಕೆಲವು ಬಣ್ಣಗಳು ಇದಕ್ಕೆ ಕರಗುತ್ತವೆ. ಇದು ಥಟ್ಟನೆ ಹೊತ್ತಿಕೊಳ್ಳುವ ದ್ರಾವಕ, ಹತ್ತಿರ ಬೆಂಕಿ ಬೇಡ. ಕರೆಂಟಿನ ವಸ್ತುವಾದರೆ ಪ್ಲಗ್ ಕಿತ್ತಿರಬೇಕು. ಆಂಪ್ಲಿಫೈಯರಿನ ದೊಡ್ಡ ಕೆಪಾಸಿಟರುಗಳು ಪ್ಲಗ್ ಕಿತ್ತ ಮೇಲೂ ಕರೆಂಟು ಹಿಡಿದಿಟ್ಟಿರುತ್ತವೆ, ಅದನ್ನು ಬಲ್ಲವರಿಗೇ ಬಿಡುವುದು ಕ್ಷೇಮ.

ತೊಳೆದ ಕಬ್ಬಿಣವನ್ನು ಒದ್ದೆಯಾಗಿ ಬಿಟ್ಟರೆ ಬೆಳಿಗ್ಗೆಗೆ ತುಕ್ಕು. ಕೂಡಲೇ ಒರೆಸಿ, ಹೇರ್ ಡ್ರೈಯರಿನಲ್ಲಿ ಒಣಗಿಸಿ, ತಿರುಗುವ ಜಾಗಕ್ಕೆ ಒಂದೊಂದು ಹನಿ ಹೊಲಿಗೆ ಯಂತ್ರದ ಎಣ್ಣೆ ಬಿಡಬೇಕು. ಹಳೆ ಗ್ರೀಸಿನ ಮೇಲೇ ಹೊಸ ಗ್ರೀಸು ಮೆತ್ತಿದರೆ ಮಾಡಿದ್ದೆಲ್ಲ ನೀರಿನಲ್ಲಿ ಮಾಡಿದ ಹೋಮ.

ಕೆಲಸ ಮುಗಿಯಿತೇ ಎಂದು ತಿಳಿಯಲು ಮೂಗನ್ನು ನೇರವಾಗಿ ನಂಬುವಂತಿಲ್ಲ, ಅದು ಕೆಲವೇ ನಿಮಿಷಗಳಲ್ಲಿ ಘಾಟಿಗೆ ಒಗ್ಗಿಹೋಗುತ್ತದೆ. ಭಾಗಗಳನ್ನು ಬಿಗಿ ಮುಚ್ಚಳದ ಡಬ್ಬಿಯಲ್ಲಿ ರಾತ್ರಿಯಿಡೀ ಇಟ್ಟು, ಬೆಳಿಗ್ಗೆ ಹೊರಗೆ ಅಡ್ಡಾಡಿ ಬಂದು ಮುಚ್ಚಳ ತೆಗೆದು ನೋಡಿ. ಅಲ್ಪಸ್ವಲ್ಪ ಉಳಿದಿದ್ದರೆ ಅದೇ ಡಬ್ಬಿಯಲ್ಲಿ ಆಕ್ಟಿವೇಟೆಡ್ ಇದ್ದಿಲಿನ ಪೊಟ್ಟಣ ಇಟ್ಟು ಕೆಲವು ದಿನ ಮುಚ್ಚಿಡಿ. ಇದ್ದಿಲು ಗಾಳಿಯಲ್ಲಿರುವ ವಾಸನೆಯನ್ನು ಮಾತ್ರ ಹಿಡಿಯುತ್ತದೆ, ಪದರವನ್ನು ತೆಗೆಯುವುದಿಲ್ಲ. ಹಾಗಾಗಿ ಅದು ಕೊನೆಯ ಮದ್ದು.

ಲೋಹ ನೋಡಿ ಮದ್ದು

ನಿಕೋಟಿನ್ ಕ್ಷಾರ ಗುಣದ್ದು. ಹುಳಿ ಸೇರಿದರೆ ಅದು ನೀರಿನಲ್ಲಿ ಕರಗುವ ಲವಣವಾಗುತ್ತದೆ. ವಿನೆಗರ್ ಕೆಲಸ ಮಾಡುವುದು ಈ ಕಾರಣಕ್ಕೆ. ಆದರೆ ಸತುವಿನ ಲೇಪ ಇರುವ ಭಾಗವನ್ನು ವಿನೆಗರ್ ತಿನ್ನುತ್ತದೆ, ಕಬ್ಬಿಣಕ್ಕೆ ತುಕ್ಕು ತರಿಸುತ್ತದೆ. ಸ್ಟೀಲಿಗೆ ತೆಳುವಾಗಿ ಹಚ್ಚಿ ತಕ್ಷಣ ತೊಳೆದರೆ ಸಾಕು. ಟಾರಿನ ಜಿಡ್ಡಿಗೆ ವಾಷಿಂಗ್ ಸೋಡಾ ಒಳ್ಳೆಯದು, ಆದರೆ ಅಲ್ಯುಮಿನಿಯಂ ಅದಕ್ಕೆ ಕಪ್ಪಾಗುತ್ತದೆ. ಕಂಪ್ಯೂಟರಿನ ಹೀಟ್ ಸಿಂಕ್, ಕ್ಯಾಮೆರಾ ಬಾಡಿಗೆ ಅದು ಬೇಡ. ಬ್ಲೀಚನ್ನು ವಿನೆಗರಿನ ಜೊತೆಗಾಗಲಿ ಅಮೋನಿಯಾದ ಜೊತೆಗಾಗಲಿ ಬೆರೆಸಲೇಬಾರದು, ವಿಷಾನಿಲ ಏಳುತ್ತದೆ. ಓಜೋನ್ ಯಂತ್ರವನ್ನು ಹೊಗಳುವವರೂ ಉಂಟು; ಓಜೋನ್ ರಬ್ಬರನ್ನು ಬಿರಿಯುವಂತೆ ಮಾಡುತ್ತದೆ, ಶ್ವಾಸಕೋಶಕ್ಕೂ ಕೇಡು.

ಬೀದರಿನ ಗುಡುಗುಡಿ

ಹೈದರಾಬಾದಿನಲ್ಲಿ ಹೊಗೆ ಕುಡಿದ ಲೋಹ ಎಂದರೆ ಕನ್ನಡ ನಾಡಿನ ಒಂದು ಕಲೆಯ ನೆನಪೂ ಬರಬೇಕು. 1956ರವರೆಗೆ ಬೀದರ್, ಕಲಬುರಗಿ, ರಾಯಚೂರುಗಳಿಗೆ ಹೈದರಾಬಾದೇ ರಾಜಧಾನಿ. ಬೀದರಿನ ಕುಶಲಕರ್ಮಿಗಳು ಮಾಡಿದ ಬಿದರಿ ಹುಕ್ಕಾ ಬುಡಗಳು ನವಾಬರ ದಿವಾನಖಾನೆಗಳಲ್ಲಿದ್ದವು. ಸಾಲಾರ್ ಜಂಗ್ ಮ್ಯೂಸಿಯಂನಲ್ಲಿ ಇಂದಿಗೂ ನೋಡಬಹುದು. 2006ರಲ್ಲಿ ಜಿಐ (ಭೌಗೋಳಿಕ ಗುರುತು) ಮಾನ್ಯತೆ ಪಡೆದ ಬಿದರಿ ಕಲೆಗೆ, 2023ರಲ್ಲಿ ಬೀದರಿನ ಶಾ ರಶೀದ್ ಅಹ್ಮದ್ ಖಾದ್ರಿ ಅವರಿಗೆ ಬಂದ ಪದ್ಮಶ್ರೀಯ ಮೂಲಕ ಇನ್ನೊಂದು ಗೌರವ ಸಂದಿತು.

ಹಳೆ ಬಿದರಿ ಬುಡ ಕೈಗೆ ಬಂದರೆ ಮೇಲಿನ ಯಾವ ಮದ್ದನ್ನೂ ಹೊರಮೈಗೆ ತಾಕಿಸಬೇಡಿ. ಅದು ಹೆಚ್ಚು ಸತು, ತುಸು ತಾಮ್ರ ಸೇರಿದ ಮಿಶ್ರಲೋಹ. ಬೀದರ್ ಕೋಟೆಯ ಮಣ್ಣಿಗೆ ನವಸಾಗರ ಬೆರೆಸಿ ಉಜ್ಜಿ ತಂದ ಕಪ್ಪು ಅದರ ಜೀವ. ಬೆಳ್ಳಿಯ ಕುಸುರಿ ಹೊಳೆಯುವುದು ಆ ಕಪ್ಪಿನಿಂದಲೇ. ಹುಣಸೆಹಣ್ಣು, ವಿನೆಗರ್, ಪಿತಾಂಬರಿ ಪುಡಿ ಇವು ಒಂದೇ ಸಲಕ್ಕೆ ಆ ಕಪ್ಪನ್ನು ಕೆಡಿಸುತ್ತವೆ. ಹೊರಗೆ ಒಣ ಬಟ್ಟೆ, ಬೇಕಿದ್ದರೆ ಒಂದು ತೊಟ್ಟು ಕೊಬ್ಬರಿ ಎಣ್ಣೆ. ಬಹಳ ಹಳೆಯದು ಎನ್ನಿಸಿದರೆ ಒಳಮೈಯನ್ನೂ ಮುಟ್ಟದೆ ಸಂರಕ್ಷಣಾ ತಜ್ಞರಿಗೆ ತೋರಿಸಿ. ಇಂಥ ವಸ್ತುವಿನಲ್ಲಿ ತಂಬಾಕಿನ ಘಾಟು ಉಳಿದರೂ ಚಿಂತೆಯಿಲ್ಲ, ಕಪ್ಪು ಹೋದರೆ ಎಲ್ಲವೂ ಹೋಯಿತು.

ಮೂಗಿಗಷ್ಟೇ ಸಂಬಂಧಿಸಿದ್ದಲ್ಲ

ಇದು ಬರೀ ನಾಜೂಕಿನವರ ದೂರು ಎಂದುಕೊಳ್ಳಬಾರದು. ಅಮೆರಿಕದ ಲಾರೆನ್ಸ್ ಬರ್ಕ್‌ಲಿ ರಾಷ್ಟ್ರೀಯ ಪ್ರಯೋಗಾಲಯದ ವಿಜ್ಞಾನಿಗಳು 2010ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ವಸ್ತುಗಳ ಮೇಲೆ ಕೂತ ನಿಕೋಟಿನ್ ಕೋಣೆಯ ಗಾಳಿಯಲ್ಲಿರುವ ನೈಟ್ರಸ್ ಆಮ್ಲದೊಂದಿಗೆ ವರ್ತಿಸಿ ಕ್ಯಾನ್ಸರ್‌ಕಾರಕ ನೈಟ್ರೊಸಮೈನ್‌ಗಳನ್ನು ಹುಟ್ಟಿಸುತ್ತದೆ. ವಿಪರೀತ ಸಿಗರೇಟು ಸೇದುವವರ ಟ್ರಕ್ಕಿನ ಒಳಗಿನ ಮೇಲ್ಮೈಗಳಲ್ಲೂ ಅವರಿಗೆ ಇವು ಸಿಕ್ಕವು. ಅಂಬೆಗಾಲಿಡುವ ಮಕ್ಕಳು ಕೈಗೆ ಸಿಕ್ಕಿದ್ದನ್ನು ಬಾಯಿಗಿಡುವ ಮನೆಗಳಲ್ಲಿ ಇದು ಇನ್ನೂ ಮುಖ್ಯ. ತೊಳೆಯುವಾಗ ಗ್ಲೌಸ್ ಬೇಕು ಎಂದದ್ದು ಇದಕ್ಕೇ.

ಆದ್ದರಿಂದ ಹಳೆ ಯಂತ್ರ ಕೊಳ್ಳುವಾಗ ಬೆಲೆ ಕೇಳುವ ಮುಂಚೆ ಮುಚ್ಚಳ ಎತ್ತಿ ಮೂಸಿ ನೋಡಿ, ಒಳಮೂಲೆಯನ್ನು ಬಿಳಿ ಕರವಸ್ತ್ರದಿಂದ ಒರೆಸಿ ನೋಡಿ. ಹಳದಿ ಬಂದರೆ ಫೆಲ್ಟ್, ರಬ್ಬರ್ ಬದಲಿಸುವ ಖರ್ಚನ್ನು ಬೆಲೆಯಲ್ಲಿ ಇಳಿಸಿ ಕೇಳಿ. ಸ್ಕ್ರೂ ಬಿಚ್ಚಲು ಬರುವ, ಲೋಹವೇ ಹೆಚ್ಚಿರುವ ವಸ್ತುವಾದರೆ ಹೊಗೆಗೆ ಹೆದರಿ ಬಿಡಬೇಡಿ. ಒಂದು ರಜಾದಿನದ ದುಡಿಮೆಗೆ ಅದು ಹೊಸದರಂತಾಗುತ್ತದೆ. ಬಿಚ್ಚಲು ಬಾರದ್ದು, ಒಳಗೆ ಫೋಮ್ ತುಂಬಿದ್ದು ಎಷ್ಟೇ ಅಗ್ಗಕ್ಕೆ ಸಿಕ್ಕರೂ ಬೇಡ.